ಮಂಡಕ್ಕಿಯ ಲಿವರು, ಹಾಲೇಶನ ಫಾರಮ್ಮು

ಸೂರತ್ತಿನ ಅಡಾಜಣ್‌ನಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿದ್ದ ಹಾಲೇಶ ಡಾಕ್ಟರಲ್ಲ. ಆದರೂ ಮನುಷ್ಯರ ಲಿವರಿನ ಬಗ್ಗೆ ಅವನಷ್ಟು ಖಚಿತವಾಗಿ ಮಾತಾಡುವವರು ಆ ಸೊಸೈಟಿಯಲ್ಲೇ ಇರಲಿಲ್ಲ. ಜೀವವಿಮೆ ಕಚೇರಿಯಲ್ಲಿ ಹೊಸ ಪಾಲಿಸಿಯ ಅರ್ಜಿಗಳನ್ನು ಜಾಲಾಡುವುದು ಅವನ ಕೆಲಸ. ಅರ್ಜಿ ಕೈಗೆ ಬಂದರೆ ಹೆಸರು, ಊರು, ಸಂಬಳ ಯಾವುದನ್ನೂ ನೋಡದೆ ನೇರವಾಗಿ ಹಿಂದೆ ಪಿನ್ನು ಹಾಕಿದ್ದ ರಕ್ತದ ರಿಪೋರ್ಟಿಗೆ ಹೋಗುತ್ತಿದ್ದ. ಅಲ್ಲಿ ಎಸ್‌ಜಿಪಿಟಿ ಎಂಬ ಸಾಲು. ಲಿವರಿಗೆ ನೋವಾದರೆ ಏರುವ ಅಂಕಿ ಅದು. ನಲವತ್ತರೊಳಗಿದ್ದರೆ ಅರ್ಜಿದಾರ ಸಂಭಾವಿತ. ಐವತ್ತಾದರೆ ಏನೋ ಮುಚ್ಚಿಡುತ್ತಿದ್ದಾನೆ. ಎಂಬತ್ತು ದಾಟಿತೋ, ಹಾಲೇಶ ಪೆನ್ನಿನ ಟೋಪಿ ತೆಗೆದು, ಮುತ್ತಿನಂಥ ಅಕ್ಷರದಲ್ಲಿ ‘ಮುಂದೂಡಲಾಗಿದೆ’ ಎಂದು ಬರೆದು ಪಕ್ಕಕ್ಕಿಡುತ್ತಿದ್ದ. ಹತ್ತು ವರ್ಷದಿಂದ ಇದೇ ಕೆಲಸ. ಮದುವೆ ಊಟದಲ್ಲಿ ಎದುರು ಪಂಕ್ತಿಯವರ ಕಣ್ಣು ನೋಡಿದರೂ ಅವನಿಗೆ ಒಂದು ಅಂಕಿ ಹೊಳೆಯುತ್ತಿತ್ತು.

ಇಂಥವನ ಮನೆಯಲ್ಲಿ ಒಂದು ಪೊಮೆರೇನಿಯನ್ ನಾಯಿ ಇತ್ತು. ಹಾಲೇಶ ಮೊದಲು ವಡೋದರಾದಲ್ಲಿದ್ದಾಗ ಅಲ್ಲಿಂದ ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು, “ಒಂದು ವಾರ ಇಟ್ಟುಕೊಂಡಿರಿ” ಎಂದು ಕೊಟ್ಟುಹೋದ ಮರಿ. ಆ ವಾರ ಇನ್ನೂ ಮುಗಿದಿರಲಿಲ್ಲ. ಬೆಳ್ಳಗೆ, ಹಗುರಾಗಿ, ಅಂಗೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎಂಬಂತಿದ್ದ ಅದನ್ನು ನೋಡಿ, ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಹಾಲೇಶನ ಬಾಯಿಂದ ತಾನಾಗಿ ಬಂದ ಹೆಸರು ಮಂಡಕ್ಕಿ. ಆಮೇಲೆ ಸೂರತ್ತಿಗೆ ವರ್ಗವಾಯಿತು. ಸಾಮಾನು ಲಾರಿಯಲ್ಲಿ ಬಂತು, ಸಂಸಾರ ರೈಲಿನಲ್ಲಿ ಬಂತು, ಮಂಡಕ್ಕಿ ಹಾಲೇಶನ ತೊಡೆಯ ಮೇಲೆ ಬಂತು. ಹಾಗಿದ್ದೂ ಯಾರಾದರೂ ಕೇಳಿದರೆ, “ನಾಯಿ ನಮ್ಮ ಮಗಳು ನಿಶ್ಚಿತಾದು. ನನಗೂ ಅದಕ್ಕೂ ಏನೂ ಸಂಬಂಧ ಇಲ್ಲ” ಎನ್ನುತ್ತಿದ್ದ.

ಸಂಬಂಧವಿಲ್ಲದ ಈ ನಾಯಿಯನ್ನು ದಿನವೂ ಬೆಳಿಗ್ಗೆ ಆರಕ್ಕೆ ವಾಕಿಂಗ್ ಕರೆದೊಯ್ಯುವವನು ಮಾತ್ರ ಅವನೇ. ಸೊಸೈಟಿಯ ಗೇಟು ದಾಟಿ ಎಡಕ್ಕೆ ತಿರುಗಿದರೆ ಒಂದು ಬೇಕರಿ. ಆರೂವರೆಗೆ ಅಲ್ಲಿ ನಾನ್‌ಖಟಾಯಿಯ ತಟ್ಟೆ ಒಲೆಯಿಂದ ಹೊರಗೆ ಬರುತ್ತಿತ್ತು. ಸೂರತ್ತಿನ ನಾನ್‌ಖಟಾಯಿ ಎಂದರೆ ತುಪ್ಪ ಮತ್ತು ಸಕ್ಕರೆಗೆ ಒಂದಿಷ್ಟು ಹಿಟ್ಟು ನೆಪಕ್ಕೆ ಸೇರಿಸಿದ್ದು. ಬಾಯಿಗಿಟ್ಟರೆ ಅಗಿಯುವ ಶ್ರಮವಿಲ್ಲ. ಮೂರು ವರ್ಷದ ಹಿಂದಿನ ದೀಪಾವಳಿಯಲ್ಲಿ ಅವನ ಹೊಸ ಅಂಗಿಯ ನಾಲ್ಕನೇ ಗುಂಡಿ ಹಾರಿ ರಂಗೋಲಿಯ ಮೇಲೆ ಬಿದ್ದ ದಿನದಿಂದ ಹೆಂಡತಿ ಜಲಜಾ ಮನೆಯಲ್ಲಿ ಅವನಿಗೆ ಸಿಹಿ ಬಂದ್ ಮಾಡಿದ್ದಳು. ಆದ್ದರಿಂದ ಬೇಕರಿಯ ಮುಂದಿನ ಬೆಂಚಿನ ಮೇಲೆ ದಿನವೂ ಅವನು ಎರಡು ನಾನ್‌ಖಟಾಯಿ ತಿನ್ನುತ್ತಿದ್ದ. ಮಂಡಕ್ಕಿಗೆ ಎರಡು. ಬಾಯಿಬಿಡದ ಸಾಕ್ಷಿಗೆ ಸಲ್ಲಬೇಕಾದ ನ್ಯಾಯ.

ಜನವರಿ ಎರಡನೇ ವಾರ. ಉತ್ತರಾಯಣದ ಗಾಳಿಪಟಕ್ಕೆ ಊರೆಲ್ಲ ದಾರ ಸುತ್ತುತ್ತಿದ್ದ ಹೊತ್ತಿನಲ್ಲಿ ಮಂಡಕ್ಕಿ ಎರಡು ದಿನ ಬೆಳಿಗ್ಗೆ ವಾಂತಿ ಮಾಡಿದ. ಮೂರನೇ ದಿನ ಅನ್ನದ ತಟ್ಟೆಗೆ ಬೆನ್ನು ತಿರುಗಿಸಿ ಮಂಚದ ಕೆಳಗೆ ಸೇರಿಕೊಂಡ. ಪಶುವೈದ್ಯ ಡಾಕ್ಟರ್ ಕಿಶೋರ್ ದೇಸಾಯಿ ಹೊಟ್ಟೆ ಅಮುಕಿ, ವಸಡು ನೋಡಿ, ಒಂದು ಸೂಜಿ ಚುಚ್ಚಿ, ಇನ್ನೊಂದು ಸಿರಿಂಜಿನಲ್ಲಿ ರಕ್ತ ತೆಗೆದು ಹಾಲೇಶನ ಕೈಗೆ ಒಂದು ಪುಟ್ಟ ಶೀಶೆ ಕೊಟ್ಟರು. “ಬರೀ ಹೊಟ್ಟೆ ಕೆಟ್ಟಿರಬಹುದು. ಲಿವರೂ ಇರಬಹುದು. ಯಾವುದಾದರೂ ಲ್ಯಾಬಿಗೆ ಕೊಡಿ. ರಿಪೋರ್ಟು ನನಗೆ ತಂದು ತೋರಿಸಿ” ಎಂದರು ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ. ಹಾಲೇಶನ ಕಿವಿಗೆ ಬಿದ್ದದ್ದು ಒಂದೇ ಶಬ್ದ, ಲಿವರು.

ಶೀಶೆಯನ್ನು ಅವನು ಒಯ್ದದ್ದು ತನ್ನ ಕಚೇರಿಯ ಅರ್ಜಿದಾರರೆಲ್ಲ ಹೋಗುವ ಲ್ಯಾಬಿಗೆ. ಅಲ್ಲಿ ಅವನು ‘ಸಾಹೇಬ್’. ಸಾಹೇಬರು ನಾಯಿಯ ರಕ್ತ ಹಿಡಿದು ನಿಂತರೆ ಚೆನ್ನಾಗಿರುತ್ತದೆಯೇ? ಅವರೇನಾದರೂ ‘ಆಗುವುದಿಲ್ಲ’ ಎಂದುಬಿಟ್ಟರೆ? ಫಾರಮ್ಮಿನಲ್ಲಿ ಹೇಗೂ ಪ್ರಾಣಿಯೋ ಮನುಷ್ಯನೋ ಎಂಬ ಕಾಲಮ್ಮು ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯವಿಲ್ಲ ಎಂಬುದು ಅರ್ಜಿ ತುಂಬುವ ಶಾಸ್ತ್ರದ ಮೊದಲ ಪಾಠ. ‘ಹೆಸರು: ಮಂಡಕ್ಕಿ ಎಚ್. ವಯಸ್ಸು: ಐದು. ಲಿಂಗ: ಗಂಡು’ ಎಂದು ತುಂಬಿದ. ಕೌಂಟರಿನವನು ಕಣ್ಣಲ್ಲೇ ಕನಿಕರ ತೋರಿಸಿ, “ಪುಟ್ಟ ಬಾಬಾಗೆ ಕಾಮಾಲೆನಾ ಸಾಹೇಬ್? ಕಬ್ಬು ಜಗಿಸಿ, ಹುರಿಗಡಲೆ ಕೊಡಿ” ಎಂದ. ಹಾಲೇಶ ತಲೆಯಾಡಿಸಿದ.

ಮರುದಿನ ಸಂಜೆ ರಿಪೋರ್ಟು ಬಂತು. ಎಸ್‌ಜಿಪಿಟಿ ಎಂಬತ್ತೆರಡು. ಪಕ್ಕದಲ್ಲಿ ದಪ್ಪನೆಯ ಚುಕ್ಕೆ. ಕೆಳಗೆ, ‘ನಲವತ್ತರವರೆಗೆ ಸಹಜ’.

ಅಲ್ಲೇ ಲ್ಯಾಬಿನ ಮೆಟ್ಟಿಲ ಮೇಲೆ ಹಾಲೇಶನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಹೋದ ಕೈಯನ್ನು ಅವನೇ ನೋಡಿ ಹಿಂದಕ್ಕೆ ತೆಗೆದುಕೊಂಡ.

ಡಾಕ್ಟರ ಕ್ಲಿನಿಕ್ಕಿಗೆ ಓಡಿದರೆ ಷಟರು ಎಳೆದಿತ್ತು. ‘ಉತ್ತರಾಯಣ ನಿಮಿತ್ತ ಎರಡು ದಿನ ಪಕ್ಷಿ ಚಿಕಿತ್ಸಾ ಶಿಬಿರದಲ್ಲಿರುತ್ತೇವೆ’ ಎಂಬ ಚೀಟಿ. ಗಾಳಿಪಟದ ಗಾಜುಪುಡಿ ಮೆತ್ತಿದ ದಾರಕ್ಕೆ ರೆಕ್ಕೆ ಕೊಯ್ಯಿಸಿಕೊಳ್ಳುವ ಪಾರಿವಾಳಗಳಿಗೆ ಡಾಕ್ಟರು ಬೇಕು, ಸರಿ. ಶಿಬಿರ ಎಲ್ಲಿ ಎಂದು ಬರೆಯಲು ಮಾತ್ರ ಮರೆತಿದ್ದರು. ಫೋನ್ ಮಾಡಿದರೆ ಮುಚ್ಚಿದ ಷಟರಿನ ಒಳಗೇ ಟ್ರಿಣ್‌ಗುಟ್ಟಿತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ. “ಎರಡು ಪಟ್ಟು ಮೇಲಿದೆ.”

“ಏನು, ಎಣ್ಣೆ ರೇಟಾ?” ಎಂದಳು ಜಲಜಾ.

“ಲಿವರು ಕಣೇ. ಮನುಷ್ಯ ಆಗಿದ್ರೆ ನಾನೇ ಪಾಲಿಸಿ ಕೊಡ್ತಿರಲಿಲ್ಲ.”

ಏಳು ವರ್ಷದ ನಿಶ್ಚಿತಾ ಗೋಂದು ಮೆತ್ತಿದ ಗಾಳಿಪಟವನ್ನು ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು. ಅವಳ ಕನ್ನಡ ಅಪ್ಪ ಅಮ್ಮನ ಜೊತೆಗಷ್ಟೇ, ಅದೂ ಅರ್ಧ. “ಪಪ್ಪಾ, ಮಂಡಕ್ಕಿ ಮರ್ ಜಾಯೇಗಾ? ಸತ್ತುಹೋಗ್ತಾನಾ?” ಎಂದು ಕೇಳಿದಳು. ಎರಡು ನಾನ್‌ಖಟಾಯಿ ಇಂಟು ಮುನ್ನೂರ ಅರವತ್ತೈದು ಎಂಬ ಲೆಕ್ಕವೊಂದು ಹಾಲೇಶನ ತಲೆಯೊಳಗೆ ಶುರುವಾಗಿ, ಅವನು ಬೇಡ ಬೇಡವೆಂದರೂ ಉತ್ತರ ಬರೆದುಕೊಂಡೇ ಬಂತು.

ಹಬ್ಬಕ್ಕೆಂದು ದಾವಣಗೆರೆಯಿಂದ ಬಂದಿದ್ದ ಹಾಲೇಶನ ತಾಯಿ ಗೌರಮ್ಮ ಮಂಡಕ್ಕಿಯನ್ನು ಮಂಚದ ಕೆಳಗಿಂದ ಎಳೆದು ಕಣ್ಣರೆಪ್ಪೆ ಬಿಡಿಸಿ ನೋಡಿದರು.

“ಅಯ್ಯಯ್ಯೋ, ಅರಿಶಿಣ ಅರಿಶಿಣ ಆಗ್ಯಾವೆ ಕಣಪ್ಪ. ಕಾಮಾಲೆನೇ ಇದು.”

“ಅತ್ತೆ, ನಿಮ್ಮ ಹಿಂದೆ ಹಳದಿ ಕರ್ಟನ್ ಐತೆ” ಎಂದಳು ಜಲಜಾ.

ಸರಿ, ಬಾಲ್ಕನಿಗೆ ಒಯ್ದರು. ಅಲ್ಲಿ ಹಳದಿ ಕಾಣಲಿಲ್ಲ. ಹಾಲೇಶನಿಗೆ ಸಮಾಧಾನವಾಗಲಿಲ್ಲ, ತನ್ನ ಬಿಳಿ ಬನಿಯನ್ನು ಪಕ್ಕದಲ್ಲಿ ಹಿಡಿದು ಹೋಲಿಸಿದ. ಬನಿಯನ್ನೇ ಹೆಚ್ಚು ಹಳದಿಯಾಗಿತ್ತು. “ನೋಡಿ, ನಾನು ಹೇಳಿದ್ರೆ ಕೇಳಲ್ಲ, ಇದನ್ನ ಬಿಸಾಕಿ ಅಂತ” ಎಂದು ಜಲಜಾ ಅದನ್ನು ಅಲ್ಲೇ ಒರೆಸುವ ಬಟ್ಟೆಗಳ ಗುಂಪಿಗೆ ಸೇರಿಸಿಬಿಟ್ಟಳು. ಗೌರಮ್ಮ ಸೊಸೈಟಿಯ ಕಾಂಪೌಂಡಿನ ಮೂಲೆಯಿಂದ ನೆಲನೆಲ್ಲಿಯ ಗಿಡ ಕಿತ್ತು ತಂದು ಒರಳಿಗೆ ಹಾಕಲು ಹೊರಟರು. ಜಲಜಾ ಒರಳುಕಲ್ಲನ್ನು ಎತ್ತಿ ಸ್ಟೋರಿಗೆ ಇಟ್ಟಳು. “ಡಾಕ್ಟರು ಹೇಳೋವರೆಗೂ ಏನೂ ಬೇಡ ಅತ್ತೆ. ಮೂರಂಗುಲದ ಲಿವರಿಗೆ ನಾವು ನಾಲ್ಕು ಜನ ಸೇರಿ ವೈದ್ಯ ಮಾಡಿದ್ರೆ ಅದಕ್ಕೆ ಉಸಿರಾಡೋಕೆ ಜಾಗ ಬೇಡ್ವಾ?” ಎಂದು, ಅಕ್ಕಿ ತೊಳೆದು, ಉಪ್ಪಿಲ್ಲದೆ ಎಣ್ಣೆಯಿಲ್ಲದೆ ಮೆತ್ತಗೆ ಗಂಜಿ ಮಾಡಿದಳು. ಮಂಡಕ್ಕಿ ಅದನ್ನು ಮೂಸಿ, ಜಲಜಾಳ ಮುಖ ನೋಡಿ, ಮತ್ತೆ ಗಂಜಿ ನೋಡಿ, ಮಂಚದ ಕೆಳಗೆ ಹೋದ.

ಮರುದಿನ ಉತ್ತರಾಯಣ. ಬೆಳಿಗ್ಗೆಯಿಂದಲೇ ಊರಿಗೆ ಊರೇ ಮಾಳಿಗೆ ಏರಿತ್ತು. ತಲೆಯ ಮೇಲೆ ಧಬಧಬ ಕಾಲಿನ ಸದ್ದು, ‘ಕಾಪ್ಯೋ ಛೆ!’ ಎಂದು ಪಟ ಕತ್ತರಿಸಿದವರ ಕೇಕೆ. ಹಾಲೇಶ ಮಾತ್ರ ಊಟದ ಮೇಜಿನ ಮುಂದೆ ಫುಲ್‌ಸ್ಕೇಪ್ ಹಾಳೆ ಹರಡಿ, ಸ್ಕೇಲು ಹಿಡಿದು ಗೆರೆ ಎಳೆಯುತ್ತ ಕೂತ. ಮೇಲೆ ದಪ್ಪಕ್ಷರದಲ್ಲಿ ‘ಆಹಾರ ಚರಿತ್ರೆ’. ಕೆಳಗೆ, ‘ಯಾರು ಕೊಟ್ಟರು, ಏನು, ಎಷ್ಟು, ಎಷ್ಟು ದಿನದಿಂದ’. ಡಾಕ್ಟರು ಸಿಕ್ಕ ಕೂಡಲೇ ಅವರ ಮುಂದೆ ಪೂರ್ಣ ದಾಖಲೆ ಇರಬೇಕು. ಒಬ್ಬೊಬ್ಬರನ್ನೇ ಕರೆದ.

“ಅವ್ವಾ, ನಿಜ ಹೇಳಬೇಕು. ನೀನು ಬಂದು ಹತ್ತು ದಿನ ಆತು.”

“ನಾನೇನು ಕೊಟ್ಟೇನಪ್ಪ? ಬೆಣ್ಣೆ ಕಾಯಿಸಿದಾಗ ಪಾತ್ರೆ ತಳದಾಗೆ ಉಳಿತದಲ್ಲ, ಅದು. ಮತ್ತೆ ಎಳ್ಳು ಬೆಲ್ಲ ಬೆರೆಸುವಾಗ ಕೊಬ್ಬರಿ ಚೂರು. ಮತ್ತೆ ಶೇಂಗಾ ಹೋಳಿಗೆ. ಅರ್ಧ. ಅದಕ್ಕೂ ಬಾಯಿ ಐತಲ್ಲೋ.”

“ಒಂದು ದಿನಾನಾ?”

“ಹಬ್ಬ ಒಂದೇ ದಿನ. ಹೋಳಿಗೆ ದಿನಾ ಇದ್ವು.”

ಜಲಜಾ ಹಾಲಿನ ಪಾತ್ರೆಗೆ ಅಂಟಿದ ಕೆನೆ ಎಂದು ಬರೆಸಿದಳು. ತೊಳೆಯೋ ಕೆಲಸ ಉಳಿಯುತ್ತಲ್ಲ ಎಂದು ಅವಳೇ ಷರಾ ಸೇರಿಸಿದಳು. ನಿಶ್ಚಿತಾ ಅಳುತ್ತ ಒಪ್ಪಿಕೊಂಡದ್ದು ಶಾಲೆಯ ಡಬ್ಬಿ. ಒಂದನೇ ಕ್ಲಾಸಿನಿಂದ ಅವಳ ತುಪ್ಪದ ಚಪಾತಿಯ ಮುಕ್ಕಾಲು ಪಾಲು ವಾಪಸು ಬಂದು ಮಂಡಕ್ಕಿಯ ಹೊಟ್ಟೆ ಸೇರುತ್ತಿತ್ತು. “ಅದಕ್ಕೇ ಡಬ್ಬಿ ಅಷ್ಟು ಚೊಕ್ಕ ಇರ್ತಿತ್ತು! ನಾನು ಎಲ್ಲಾರ ಹತ್ರ ಹೇಳ್ಕೊಂಡು ತಿರುಗಿದೀನಿ, ನಮ್ಮ ಮಗಳು ಏನೂ ಬಿಡಲ್ಲ ಅಂತ” ಎಂದು ಜಲಜಾ ಹಣೆಗೆ ಕೈ ಹಚ್ಚಿದಳು.

ಅಷ್ಟರಲ್ಲಿ ಎದುರು ಮನೆಯ ಸುಮಿತ್ರಾಬೆನ್ ಏದುಸಿರು ಬಿಡುತ್ತ ಬಂದರು. ಸೆರಗಿನಲ್ಲಿ ಸುತ್ತಿದ ಒಂದು ಪಾರಿವಾಳ. ರೆಕ್ಕೆಯಲ್ಲಿ ಇನ್ನೂ ಗುಲಾಬಿ ಬಣ್ಣದ ದಾರ. “ಹಾಲೇಶ್‌ಭಾಯ್, ಬೂಟಿನ ಡಬ್ಬಿ ಇದ್ರೆ ಕೊಡಿ. ಶಿಬಿರಕ್ಕೆ ಒಯ್ಯಬೇಕು.”

“ಯಾವ ಶಿಬಿರ?”

“ಪಕ್ಷಿಗಳದ್ದು. ಶಾಲೆ ಮೈದಾನದಲ್ಲಿ. ನಿಮ್ಮ ಡಾಕ್ಟರ್ ದೇಸಾಯಿನೇ ಅಲ್ಲಿರೋದು.”

ಹಾಲೇಶ ಎದ್ದುನಿಂತ. ನಿಂತವನಿಗೆ ತನ್ನ ಕಸುಬು ನೆನಪಾಯಿತು. “ಬೆನ್, ನೀವು ಮಂಡಕ್ಕಿಗೆ ಏನಾದರೂ ಕೊಡ್ತೀರಾ?”

ಸುಮಿತ್ರಾಬೆನ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಕೊಡದೆ? ಮೊದಲ ರೋಟ್ಲಿ ಹಸುವಿಗೆ, ಕೊನೇದು ನಾಯಿಗೆ. ನಮ್ಮತ್ತೆ ಕಾಲದಿಂದ ಹಾಗೇ. ಮೊದಲು ಬೀದಿ ನಾಯಿಗೆ ಹಾಕ್ತಿದ್ದೆ. ಈಗ ಎದುರು ಮನೇಲೇ ಇದೆಯಲ್ಲ, ಮಂಡಿ ನೋಯೋವಾಗ ಯಾರು ಮೆಟ್ಟಿಲು ಇಳೀತಾರೆ? ತುಪ್ಪ ಸವರಿ, ಬೆಲ್ಲ ಇಟ್ಟು ಕೊಡ್ತೀನಿ. ಬರೀ ರೋಟ್ಲಿ ಕೊಟ್ರೆ ಏನು ಪುಣ್ಯ?”

ಹಾಲೇಶ ಅದನ್ನೂ ಬರೆದ. ಹಾಳೆಯ ಕೊನೆಯಲ್ಲಿ ಒಂದು ಸಾಲು ಖಾಲಿ ಉಳಿಯಿತು. ಜಲಜಾ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

“ನಿಮ್ಮದು?”

“ನಾನು ವಿಚಾರಣೆ ಮಾಡೋವನು.”

“ಓಹೋ” ಎಂದಳು ಜಲಜಾ.

ಎರಡು ಆಟೋಗಳಲ್ಲಿ ಹೊರಟರು. ಒಂದರಲ್ಲಿ ಸುಮಿತ್ರಾಬೆನ್ ಮತ್ತು ಬೂಟಿನ ಡಬ್ಬಿಯೊಳಗಿನ ಪಾರಿವಾಳ. ಇನ್ನೊಂದರಲ್ಲಿ ಹಾಲೇಶ, ಜಲಜಾ, ನಿಶ್ಚಿತಾ, ಟವೆಲ್ಲಿನಲ್ಲಿ ಮಂಡಕ್ಕಿ. ಗೌರಮ್ಮ ಮನೆಯಲ್ಲೇ ಉಳಿದು ದೇವರ ಮುಂದೆ ದೀಪ ಹಚ್ಚಿದರು. ದಾರಿಯುದ್ದಕ್ಕೂ ಮಂಡಕ್ಕಿ ಹಾಲೇಶನ ಕೈ ಮೂಸುತ್ತಿದ್ದ. ಮೂರು ದಿನದಿಂದ ಬೇಕರಿಗೆ ಹೋಗದ ಕೈ. ಎಷ್ಟು ಮೂಸಿದರೂ ಬೇಕಾದದ್ದು ಸಿಗದೆ ಕೊನೆಗೆ ಅಂಗೈಯಲ್ಲೇ ಗದ್ದವಿಟ್ಟು ಮಲಗಿದ. ಹಾಲೇಶ ಆಟೋದ ಹೊರಗೆ ನೋಡಿದಂತೆ ಮಾಡಿ ಎರಡು ಸಲ ಕಣ್ಣು ಒರೆಸಿಕೊಂಡ. ಜಲಜಾ ಕೇಳಿದ್ದಕ್ಕೆ, ಧೂಳು ಅಂದ.

ಮೈದಾನದಲ್ಲಿ ಶಾಮಿಯಾನ, ಉದ್ದನೆಯ ಮೇಜು, ಸಾಲುಸಾಲು ರಟ್ಟಿನ ಡಬ್ಬಿಗಳು, ಒಳಗಿಂದ ಗುಟುರುಗುಟುರು. ಡಾಕ್ಟರ್ ದೇಸಾಯಿ ಒಂದು ಪಾರಿವಾಳದ ರೆಕ್ಕೆಗೆ ಹೊಲಿಗೆ ಹಾಕುತ್ತಿದ್ದರು. ತಲೆಯೆತ್ತದೆ, “ವಾಂತಿ ನಿಂತಿತಾ?” ಎಂದರು.

“ನಿಂತಿದೆ ಸರ್. ಆದರೆ ಲಿವರು...” ಹಾಲೇಶ ರಿಪೋರ್ಟು ಮುಂದೆ ಹಿಡಿದ.

“ನನ್ನ ಎರಡೂ ಕೈ ಇಲ್ಲಿದೆ, ತಡೀರಿ. ಅದಕ್ಕಿಂತ ಮೊದಲು ಏನು ತಿನ್ನುತ್ತೆ ಅದನ್ನ ಹೇಳಿ. ಒಂದೂ ಬಿಡಬೇಡಿ. ಇಷ್ಟು ಸಣ್ಣ ಜಾತಿಗೆ ನಮಗೆ ಎರಡು ತುತ್ತು ಅನ್ನೋದು ಹೊಟ್ಟೆ ತುಂಬ ಊಟ. ಹೊಟ್ಟೆಗೆ ಹೋಗಿರೋ ಜಿಡ್ಡು ಎಷ್ಟು ಅಂತ ಗೊತ್ತಾಗದೆ ನಾನು ಔಷಧ ಕೊಟ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಇವನಿಗೇ ಬೀಳುತ್ತೆ.”

ಹಾಲೇಶ ಹಾಳೆ ಬಿಡಿಸಿ ಓದತೊಡಗಿದ. ಬೆಣ್ಣೆ ಕಾಯಿಸಿದ ತಳ. ಕೊಬ್ಬರಿ. ಶೇಂಗಾ ಹೋಳಿಗೆ. ಕೆನೆ. ಚಪಾತಿ. ರೋಟ್ಲಿ, ತುಪ್ಪ, ಬೆಲ್ಲ. ಒಂದೊಂದು ಐಟಮ್ಮಿಗೂ ಡಾಕ್ಟರು “ಹ್ಞೂ” ಎನ್ನುತ್ತಿದ್ದರು. ಶೇಂಗಾ ಹೋಳಿಗೆಗೆ ಮಾತ್ರ ಸೂಜಿ ಅರೆಕ್ಷಣ ನಿಂತಿತು.

“ಅಷ್ಟೇನಾ?”

ಹಾಲೇಶ ಹಾಳೆಯನ್ನು ಮಡಿಸಿದ. ‘ಮಹತ್ವದ ಸಂಗತಿಯನ್ನು ಮರೆಮಾಚಿದ್ದರಿಂದ’ ಎಂದು ಶುರುವಾಗುವ ಪತ್ರಗಳನ್ನು ಅವನೇ ಎಷ್ಟೋ ಜನಕ್ಕೆ ಬರೆದಿದ್ದ. ಆ ಸಾಲು ಬರೆಯುವಾಗಲೆಲ್ಲ, ಇವರಿಗೆ ನಿಜ ಹೇಳಲು ಏನು ಧಾಡಿ ಎಂದುಕೊಳ್ಳುತ್ತಿದ್ದ. ಧಾಡಿ ಏನೆಂಬುದು ಈಗ ಎದುರಿಗೇ ನಿಂತಿತ್ತು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು. ಪಕ್ಕದಲ್ಲಿ ನಿಶ್ಚಿತಾ, ಟವೆಲ್ಲಿನ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಎರಡು ನಾನ್‌ಖಟಾಯಿ” ಎಂದ.

“ಯಾವಾಗ?”

“ದಿನಾ. ಬೆಳಿಗ್ಗೆ. ಮೂರು ವರ್ಷ.”

“ದಿನಾ ಎರಡು” ಎಂದು ಜಲಜಾ ನಿಧಾನವಾಗಿ ಹೇಳಿದಳು. “ಅದು ತಿನ್ನೋವಾಗ ನೀವು ಏನ್ ಮಾಡ್ತಿದ್ರಿ? ಪಕ್ಕದಲ್ಲಿ ನಿಂತು ಭಜನೆ ಮಾಡ್ತಿದ್ರಾ?”

“ನಾನೂ ಎರಡು.”

“ಅದಕ್ಕೇ ವಾಕಿಂಗ್ ಅಂದ್ರೆ ಮಳೇಲೂ ಛತ್ರಿ ಹಿಡ್ಕೊಂಡು ಓಡ್ತಿದ್ರಿ! ನಾನು ನೋಡು, ಎಂಥ ಗಂಡ, ನಾಯಿ ಮೇಲೆ ಎಷ್ಟು ಪ್ರೀತಿ ಅಂತ...”

“ಪ್ರೀತಿನೂ ಇತ್ತು” ಎಂದ ಹಾಲೇಶ. ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಆಶ್ಚರ್ಯವಾಯಿತು. ನಾಯಿಗೂ ತನಗೂ ಸಂಬಂಧವಿಲ್ಲ ಎಂಬ ಹೇಳಿಕೆ ಐದು ವರ್ಷದ ನಂತರ ಅಲ್ಲಿಗೆ ರದ್ದಾಯಿತು. ಜಲಜಾ ಮಂಡಕ್ಕಿಯ ಕಿವಿಯ ಹಿಂದೆ ಕೆರೆದಳು.

ಡಾಕ್ಟರು ದಾರ ಕತ್ತರಿಸಿ, ಪಾರಿವಾಳವನ್ನು ಡಬ್ಬಿಗಿಟ್ಟು, ಕೈ ತೊಳೆದು ರಿಪೋರ್ಟು ತೆಗೆದುಕೊಂಡರು. ಓದಿದರು. ಹುಬ್ಬು ಮೇಲೆ ಹೋಯಿತು. “ಈ ಮಂಡಕ್ಕಿ ಎಚ್. ಯಾರು? ನಿಮ್ಮ ಮಗನಾ?”

“ಅಲ್ಲ ಸರ್. ಇವನೇ.”

“ನಾಯಿ ರಕ್ತ ಅಂತ ಲ್ಯಾಬಿಗೆ ಹೇಳಿದ್ರಾ?”

ಹಾಲೇಶ ನೆಲ ನೋಡಿದ. “ಕಾಲಮ್ಮು ಇರಲಿಲ್ಲ ಸರ್.”

ಡಾಕ್ಟರು ಕನ್ನಡಕ ತೆಗೆದು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ನಗುತ್ತಿದ್ದಾರೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಅರೆ ಭಾಯ್, ಈ ನಲವತ್ತು ಮನುಷ್ಯರ ಲೆಕ್ಕ. ನಾಯಿಗೆ ನೂರರ ಹತ್ತಿರ ಹೋಗೋವರೆಗೂ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. ಎಂಬತ್ತೆರಡು ಇವನಿಗೆ ಸಾಕಷ್ಟು ಮರ್ಯಾದಸ್ಥ ಅಂಕಿ.”

ನಿಶ್ಚಿತಾ ಬಾಯಿಂದ ಟವೆಲ್ಲು ಬಿಟ್ಟಳು. “ಮರೇಗಾ ನಹೀ?”

“ಇವತ್ತಂತೂ ಇಲ್ಲ, ಬೇಟಾ. ಆದರೆ” ಎಂದು ಅವರು ಹಾಲೇಶನ ಕಡೆ ತಿರುಗಿದರು, “ಲಿವರಿಗೆ ಏನೂ ಇಲ್ಲ ಅಂತ ನಾನು ಬರೆದುಕೊಡೋದಿಲ್ಲ. ಈ ಹಾಳೆ ಹೀಗೇ ನಡೆದರೆ ಕೊಬ್ಬು ತುಂಬಿ ನಿಜವಾಗಿ ಕೆಡುತ್ತೆ. ಆಗ ಯಾವ ಅಂಕಿಯೂ ನಗೋ ಹಾಗೆ ಇರೋದಿಲ್ಲ. ಒಂದು ತಿಂಗಳು ಮೆತ್ತಗಿನ ಅನ್ನ, ಬೇಯಿಸಿದ ಸೋರೆಕಾಯಿ, ಕೆನೆ ತೆಗೆದ ಮೊಸರು, ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ. ಕೊಡೋದು ಒಬ್ಬರೇ, ಒಂದೇ ಕೈ. ಆಮೇಲೆ ಮತ್ತೆ ರಕ್ತ ನೋಡೋಣ.”

“ನನ್ನ ರೋಟ್ಲಿ?” ಎಂದರು ಹಿಂದೆ ನಿಂತಿದ್ದ ಸುಮಿತ್ರಾಬೆನ್ ಗಾಬರಿಯಿಂದ.

“ಬೀದಿ ನಾಯಿಗೆ ಹಾಕಿ ಬೆನ್. ಮೆಟ್ಟಿಲು ಇಳಿದ್ರೆ ಮಂಡಿಗೂ ಒಳ್ಳೇದು.”

ತೂಕ ನೋಡಬೇಕಿತ್ತು. ಶಿಬಿರದ ತಕ್ಕಡಿ ಪಾರಿವಾಳದ್ದು. ಮಂಡಕ್ಕಿ ಅದರ ತಟ್ಟೆಯ ಮೇಲೆ ಕೂತರೆ ತಟ್ಟೆಯೇ ಕಾಣಲಿಲ್ಲ. ಶಾಲೆಯವರು ಮಕ್ಕಳ ಆರೋಗ್ಯ ತಪಾಸಣೆಗೆ ಇಟ್ಟಿದ್ದ ದೊಡ್ಡ ತೂಕದ ಯಂತ್ರವನ್ನು ಯಾರೋ ಎಳೆದು ತಂದರು. ಅದರ ಮೇಲೆ ಮಂಡಕ್ಕಿ ಒಂದು ಕ್ಷಣವೂ ನಿಲ್ಲಲೊಲ್ಲ.

“ನೀವು ಎತ್ತಿಕೊಂಡು ನಿಲ್ಲಿ. ಆಮೇಲೆ ನೀವೊಬ್ಬರೇ ನಿಲ್ಲಿ. ಕಳೆದರೆ ಇವನ ತೂಕ ಸಿಗುತ್ತೆ” ಎಂದರು ಡಾಕ್ಟರು.

“ನನ್ನ ಹೆಂಡತಿ ನಿಂತರೆ...”

“ನೀವೇ ನಿಲ್ಲಿ” ಎಂದಳು ಜಲಜಾ.

ನಾಯಿಯ ಜೊತೆ ತೊಂಬತ್ತನಾಲ್ಕು. ಇಳಿಸಿ ಮತ್ತೆ ಹತ್ತಿದ. ಗಾಯಗೊಂಡ ಗಿಳಿ ಹಿಡಿದುಕೊಂಡು ಸರದಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಬಗ್ಗಿ ಮುಳ್ಳು ನೋಡಿ, ಮೈದಾನಕ್ಕೆಲ್ಲ ಕೇಳುವಂತೆ ಓದಿದರು. “ಅಠ್ಯಾಸಿ!” ಎಂಬತ್ತೆಂಟು. ಗಿಳಿಯೂ ಕತ್ತು ಕೊಂಕಿಸಿ ಒಮ್ಮೆ ನೋಡಿತು. ಡಾಕ್ಟರು ಮಂಡಕ್ಕಿಯ ಚೀಟಿಯಲ್ಲಿ ಆರು ಎಂದು ಬರೆದು, ನಾಲ್ಕಾಗಬೇಕು ಎಂದು ಪಕ್ಕದಲ್ಲಿ ಸೇರಿಸಿದರು. ಎಂಬತ್ತೆಂಟನ್ನು ಎಲ್ಲೂ ಬರೆಯಲಿಲ್ಲ. ಬರೆಯುವ ಅಗತ್ಯವಿರಲಿಲ್ಲ, ಅದು ಜಲಜಾಳ ಮುಖದ ಮೇಲೆ ಬಂದಾಗಿತ್ತು.

ಹೊರಗೆ ಆಟೋ ನಿಲ್ಲಿಸಿ ಜಲಜಾ ಮೊದಲು ಸುಮಿತ್ರಾಬೆನ್‌ರನ್ನು, ಆಮೇಲೆ ನಿಶ್ಚಿತಾಳನ್ನು ಕೂರಿಸಿ, ತಾನೂ ಕೂತಳು. ಮಂಡಕ್ಕಿ ಸಂದಿಯಲ್ಲಿ ನುಗ್ಗಿ ಸೀಟಿನ ಮೇಲೆ ಹಾರಿ ಕೂತೇಬಿಟ್ಟ. ಅವಳು ಅವನನ್ನು ಎರಡೂ ಕೈಯಲ್ಲಿ ಎತ್ತಿ ರಸ್ತೆಯ ಮೇಲೆ, ಹಾಲೇಶನ ಪಾದದ ಪಕ್ಕದಲ್ಲಿ ಇಳಿಸಿದಳು.

“ನೀವಿಬ್ರೂ ನಡ್ಕೊಂಡು ಬನ್ನಿ.”

“ಮೂರು ಕಿಲೋಮೀಟರ್ ಆಗುತ್ತೆ ಕಣೇ.”

“ಹ್ಞೂ. ಗೊತ್ತು. ನಿಧಾನಕ್ಕೆ ಬನ್ನಿ, ಸೋರೆಕಾಯಿ ಬೇಯಿಸಿಟ್ಟಿರ್ತೀನಿ. ಇಬ್ರಿಗೂ.”

ಆಟೋ ಹೋಯಿತು. ಮಾಳಿಗೆಗಳಿಂದ ಕೇಕೆ ಕೇಳುತ್ತಲೇ ಇತ್ತು. ಕತ್ತರಿಸಿದ ಪಟವೊಂದು ತಂತಿಗೆ ಸಿಕ್ಕಿ ಪಟಪಟ ಅನ್ನುತ್ತಿತ್ತು. ಇಬ್ಬರೂ ನಡೆದರು. ಮೊದಲ ತಿರುವಿಗೇ ಮಂಡಕ್ಕಿ ನಾಲಿಗೆ ಚಾಚಿ ಕೂತುಬಿಟ್ಟ. ಹಾಲೇಶ ದಿನದ ವಾಕಿಂಗಿನ ಅಭ್ಯಾಸಬಲದಿಂದ ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದವನು, ಇದೂ ಡಾಕ್ಟರಿಗೆ ಹೇಳಬೇಕಾದ ಸಂಗತಿಯೇ ಇರಬೇಕು ಎಂದು ಯೋಚಿಸಿ, ಎತ್ತದೆ ಸೊಂಟ ಹಿಡಿದುಕೊಂಡು ನೆಟ್ಟಗಾದ. ಅವನಿಗೂ ಏದುಸಿರು ಬಂದಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಉಸಿರಾಡಿದರು.

“ಏಳಪ್ಪ, ಏಳು” ಎಂದ. “ಇನ್ನೂ ಎರಡೂಮುಕ್ಕಾಲು ಐತೆ.”